ಹೆಸರಿನ ಮುಂದೆ @123 ಹಾಕಿದ್ರೆ ಪಾಸ್‌ವರ್ಡ್ ಆಯ್ತಾ? ಶಿವಮೊಗ್ಗ, ಭದ್ರಾವತಿಯವರು ಗಮನಿಸಬೇಕಾದ ವಿಚಾರ

ಶಿವಮೊಗ್ಗ / ಭದ್ರಾವತಿ: ಸ್ಕಾಲರ್‌ಶಿಪ್‌ಗೆ ಒಂದು ಲಾಗಿನ್, ಡಿಗ್ರಿ ಪರೀಕ್ಷೆ ಅರ್ಜಿಗೆ ಇನ್ನೊಂದು, ಜಮೀನಿನ ಇಸಿ ತೆಗೆಯೋಕೆ ಕಾವೇರಿ, ಪಿಎಫ್ ನೋಡೋಕೆ ಮತ್ತೊಂದು. ಈ ಲಾಗಿನ್‌ಗಳಲ್ಲಿ ಎಷ್ಟೋ ಹುಟ್ಟೋದು ಸೈಬರ್ ಸೆಂಟರ್‌ಗಳಲ್ಲಿ. ಸರತಿ ಉದ್ದ ಇರುತ್ತೆ, ಸರ್ವರ್ ನಿಧಾನ ಇರುತ್ತೆ. ಹೆಸರಿನ ಮುಂದೆ @123 ಸೇರಿಸಿ, ಚೀಟಿಯಲ್ಲಿ ಬರೆದು ಕೊಟ್ರೆ ಕೆಲಸ ಮುಗೀತು. ಆದರೆ ಅಪಾಯ ಶುರುವಾಗೋದೇ ಅಲ್ಲಿಂದ.

ಏನಿದು ಬ್ರೂಟ್ ಫೋರ್ಸ್ ದಾಳಿ?

ಸೂಟ್‌ಕೇಸ್‌ನ ಮೂರಂಕಿ ಬೀಗದ ನಂಬರ್ ಮರೆತುಹೋದ್ರೆ 000 ಇಂದ 999ರವರೆಗೆ ಒಂದೊಂದಾಗಿ ತಿರುಗಿಸಿ ನೋಡ್ತೀವಿ. ಹೆಚ್ಚೆಂದರೆ 1,000 ಪ್ರಯತ್ನ, ಬೀಗ ತೆರೆದೇ ತೆರೆಯುತ್ತೆ. ಪಾಸ್‌ವರ್ಡ್ ಮೇಲೆ ಇದನ್ನೇ ಮಾಡಿದ್ರೆ ಅದಕ್ಕೆ ಬ್ರೂಟ್ ಫೋರ್ಸ್ ದಾಳಿ ಅಂತಾರೆ. ವ್ಯತ್ಯಾಸ ಇಷ್ಟೇ, ಇಲ್ಲಿ ತಿರುಗಿಸೋದು ಬೆರಳಲ್ಲ, ಕಂಪ್ಯೂಟರ್ ಪ್ರೋಗ್ರಾಂ.

ಕಳ್ಳರು ಎಲ್ಲ ಅಕ್ಷರಗಳನ್ನೂ ಒಂದೊಂದಾಗಿ ಹಾಕುತ್ತಾ ಕೂರೋದಿಲ್ಲ. ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡ್‌ಗಳ ಪಟ್ಟಿ ಅವರ ಹತ್ರ ಇರುತ್ತೆ. ‘ಮಂಜುನಾಥ@123’ ಅನ್ನೋದರಲ್ಲಿ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಇವೆ, ಪೋರ್ಟಲ್‌ನ ನಿಯಮಕ್ಕೂ ಸರಿಹೋಗುತ್ತೆ. ಆದರೂ ಊಹಿಸೋರಿಗೆ ಅದು ಮೊದಲ ಸಾಲಿನಲ್ಲೇ ಸಿಗುವ ಪಾಸ್‌ವರ್ಡ್.

ಬೆಂಗಳೂರಲ್ಲೇ ಸಿಕ್ಕಿದ ದೊಡ್ಡ ಪಾಠ

2016ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ ಸೆಕ್ಯೂರಿಟಿ ಎಂಜಿನಿಯರ್ ಆಗಿದ್ದ ಆನಂದ್ ಪ್ರಕಾಶ್, ಫೇಸ್‌ಬುಕ್‌ನಲ್ಲೇ ಇಂಥದ್ದೊಂದು ತೂತು ಪತ್ತೆ ಹಚ್ಚಿದ್ರು. ಪಾಸ್‌ವರ್ಡ್ ಮರೆತವರಿಗೆ ಫೇಸ್‌ಬುಕ್ ಆಗ 6 ಅಂಕಿಯ ಕೋಡ್ ಕಳಿಸ್ತಿತ್ತು. ಮುಖ್ಯ ತಾಣದಲ್ಲಿ 10–12 ಸಲ ತಪ್ಪು ಕೋಡ್ ಹಾಕಿದ್ರೆ ತಡೆ ಬೀಳ್ತಿತ್ತು. ಪ್ರಯೋಗಕ್ಕಿಟ್ಟಿದ್ದ ಬೀಟಾ ತಾಣದಲ್ಲಿ ಆ ತಡೆಯೇ ಇರಲಿಲ್ಲ. 6 ಅಂಕಿ ಅಂದ್ರೆ ಒಟ್ಟು 10 ಲಕ್ಷ ಸಾಧ್ಯತೆ. ಪ್ರೋಗ್ರಾಂ ಬಿಟ್ರೆ ಸರಿಯಾದ ಕೋಡ್ ಸಿಕ್ಕೇ ಸಿಗುತ್ತೆ. ಅವರು ತಮ್ಮದೇ ಖಾತೆಯ ಮೇಲೆ ಇದನ್ನು ಮಾಡಿ ತೋರಿಸಿದ್ರು. ಫೆಬ್ರವರಿ 22ರಂದು ವರದಿ ಕೊಟ್ಟರು, ಫೇಸ್‌ಬುಕ್ ತೂತು ಮುಚ್ಚಿ 15,000 ಡಾಲರ್ ಬಹುಮಾನ ಕೊಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 10 ಲಕ್ಷ ರೂಪಾಯಿ.

ಕೋಡ್ ಎರಡೂ ಕಡೆ ಒಂದೇ. ಒಂದು ಬಾಗಿಲಲ್ಲಿ ಪ್ರಯತ್ನಕ್ಕೆ ಮಿತಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. 12 ಸಲಕ್ಕೆ ನಿಲ್ಲಿಸಿದ್ರೆ ಕಳ್ಳನಿಗಿರೋ ಅವಕಾಶ 10 ಲಕ್ಷದಲ್ಲಿ 12. ನಿಲ್ಲಿಸದಿದ್ರೆ ಪೂರ್ತಿ 10 ಲಕ್ಷ. ಅಂದ್ರೆ ಖಾತೆ ಕಾಯೋ ಮೊದಲ ಜವಾಬ್ದಾರಿ ಬಳಕೆದಾರರದ್ದಲ್ಲ, ತಾಣ ನಡೆಸೋರದ್ದು.

ಹಾಗಾದ್ರೆ ಲಾಕ್ ಮಾಡಿದ್ರೆ ಸಾಕಾ?

ಸಾಕಾಗಲ್ಲ. ಮೂರು ಸಲ ತಪ್ಪಾದ್ರೆ ಖಾತೆ ಪೂರ್ತಿ ಲಾಕ್ ಅನ್ನೋ ನಿಯಮ ಇಟ್ರೆ, ಬೇಡದವರು ಬೇಕಂತಲೇ ಮೂರು ಸಲ ತಪ್ಪು ಹಾಕಿ ಇನ್ನೊಬ್ಬರನ್ನು ಹೊರಗೆ ನಿಲ್ಲಿಸಬಹುದು. ಅರ್ಜಿಗೆ ಕೊನೇ ದಿನ ಖಾತೆ ಲಾಕ್ ಆದ್ರೆ ವಿದ್ಯಾರ್ಥಿ ಯಾರ ಹತ್ರ ಹೋಗಬೇಕು?

ಇನ್ನೊಂದು ದಾರಿಯೂ ಇದೆ. ಒಂದೇ ಖಾತೆಗೆ ಸಾವಿರ ಪಾಸ್‌ವರ್ಡ್ ಹಾಕೋ ಬದಲು, ಒಂದೇ ಪಾಸ್‌ವರ್ಡನ್ನು ಸಾವಿರ ಖಾತೆಗೆ ಹಾಕಿ ನೋಡ್ತಾರೆ. ಯಾವ ಖಾತೆಯಲ್ಲೂ ಮೂರು ತಪ್ಪು ಆಗಲ್ಲ, ಲಾಕ್ ಬೀಳಲ್ಲ. ಒಂದೇ ಸೆಂಟರ್‌ನಲ್ಲಿ ನೂರಾರು ಜನರಿಗೆ ಒಂದೇ ಮಾದರಿಯ ಪಾಸ್‌ವರ್ಡ್ ಇಟ್ಟಿದ್ರೆ ಈ ದಾಳಿಗೆ ಹಬ್ಬ.

ಅದಕ್ಕೇ ತಜ್ಞರು ಹೇಳೋದು, ಪ್ರತಿ ತಪ್ಪಿಗೂ ಕಾಯುವ ಸಮಯ ಹೆಚ್ಚಿಸಿ, ಕ್ಯಾಪ್ಚಾ ಇಡಿ, ಒಂದೇ ವಿಳಾಸದಿಂದ ಬರೋ ಪ್ರವಾಹ ಗುರುತಿಸಿ, ಒಟಿಪಿಯಂಥ ಎರಡನೇ ಬೀಗ ಹಾಕಿ.

ಕಾವೇರಿಯಲ್ಲಿ ಆಗಿದ್ದು

2025ರ ಜನವರಿಯಲ್ಲಿ ಕಾವೇರಿ 2.0 ತಂತ್ರಾಂಶ ಕೈಕೊಟ್ಟಾಗ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ನಿಂತು ಜನ ಪರದಾಡಿದ್ರು. ಅದು ಪಾಸ್‌ವರ್ಡ್ ಊಹಿಸೋ ದಾಳಿ ಅಲ್ಲ, ಕೋರಿಕೆಗಳ ಪ್ರವಾಹ ಹರಿಸೋ ದಾಳಿ. ಆದರೆ ಆಯುಧ ಅದೇ, ಮನುಷ್ಯರ ಬದಲು ಪ್ರೋಗ್ರಾಂ. 62 ಖಾತೆ, 14 ಐಪಿ ವಿಳಾಸಗಳಿಂದ ಇಸಿ ಹುಡುಕಾಟದ ನೆಪದಲ್ಲಿ 2 ಗಂಟೆಯಲ್ಲಿ 6.2 ಲಕ್ಷ ಕೋರಿಕೆ ಬಂದಿತ್ತು. ಒಬ್ಬರು ಎಷ್ಟು ಸಲ ಬಾಗಿಲು ಬಡಿಯಬಹುದು ಅನ್ನೋ ಲೆಕ್ಕ ಇಡದಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದು.

ನಮ್ಮೂರಲ್ಲಿ ಅಸಲಿ ಸಮಸ್ಯೆ

ಒಟಿಪಿ ಇದೆಯಲ್ಲ ಅಂತ ಧೈರ್ಯ ಹೇಳೋರಿದ್ದಾರೆ. ಆದರೆ ಆ ಒಟಿಪಿ ಯಾರ ಮೊಬೈಲ್‌ಗೆ ಹೋಗ್ತಿದೆ? ಅರ್ಜಿದಾರರಿಗೆ ಇಮೇಲ್ ಇಲ್ಲ, ಫೋನ್ ಮನೇಲಿದೆ ಅಂದಾಗ ಅರ್ಜಿ ತುಂಬುವವರ ನಂಬರ್, ಇಮೇಲ್ ಹಾಕೋದೂ ಉಂಟು. ಆಗ ಎರಡನೇ ಬೀಗದ ಕೈಯೂ ಬೇರೆಯವರ ಜೇಬಲ್ಲೇ. ಸೆಂಟರ್‌ನವರು ಸಹಾಯಕ್ಕೇ ಮಾಡಿರಬಹುದು. ಆದರೆ ಅವರ ಫೋನ್ ಕಳೆದ್ರೆ, ನೋಟ್‌ಬುಕ್ ಕೈತಪ್ಪಿದ್ರೆ ಹಳೇ ಗಿರಾಕಿಗಳೆಲ್ಲರ ಖಾತೆಯೂ ಬಯಲಿಗೆ. ಭದ್ರಾವತಿಯಂಥ ಕಾರ್ಖಾನೆ ಊರಿನಲ್ಲಿ ಪಿಎಫ್ ಹಣ ಅಂದ್ರೆ ಒಂದು ಜೀವಮಾನದ ದುಡಿಮೆ.

ಏನು ಮಾಡಬೇಕು?

- ಪಾಸ್‌ವರ್ಡ್ ಉದ್ದ ಇರಲಿ. ಸಂಬಂಧ ಇಲ್ಲದ ನಾಲ್ಕೈದು ಪದ ಜೋಡಿಸಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಿಂದಲೂ ಹೇಳ್ತಿರೋದು ಇದನ್ನೇ, ಚಿಹ್ನೆಗಿಂತ ಉದ್ದ ಮುಖ್ಯ.
- ಇಮೇಲ್, ಬ್ಯಾಂಕ್, ಪಿಎಫ್ ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಡಿ. ಇಮೇಲ್ ಹೋದ್ರೆ ಉಳಿದದ್ದೆಲ್ಲ ಹೋದಂತೆ.
- ಸೆಂಟರ್‌ನಲ್ಲಿ ಮಾಡಿಸಿದ ಲಾಗಿನ್‌ನ ಪಾಸ್‌ವರ್ಡನ್ನು ಮನೆಗೆ ಬಂದು ಬದಲಿಸಿ. ನಂಬರ್, ಇಮೇಲ್ ನಿಮ್ಮದೇನಾ ನೋಡ್ಕೊಳ್ಳಿ.
- ಕೇಳದೇ ಒಟಿಪಿ ಬಂದ್ರೆ ಯಾರೋ ಬಾಗಿಲು ಬಡೀತಿದ್ದಾರೆ ಅಂತ ಅರ್ಥ. ಯಾರಿಗೂ ಹೇಳಬೇಡಿ, ಪಾಸ್‌ವರ್ಡ್ ಬದಲಿಸಿ.
- ಹಣ ಹೋದ್ರೆ ತಕ್ಷಣ 1930ಕ್ಕೆ ಕರೆ ಮಾಡಿ, ಶಿವಮೊಗ್ಗದ ಸಿಇಎನ್ ಠಾಣೆಗೆ ದೂರು ಕೊಡಿ.

ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಗೆ ಬಳಸಿದ್ರೆ ಐಟಿ ಕಾಯ್ದೆಯ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಕಾಯ್ದೆ ಬರೋದು ಕಳವಾದ ಮೇಲೆ. ಜನರನ್ನು ಆನ್‌ಲೈನ್‌ಗೆ ಬನ್ನಿ ಅಂತ ಕರೆದಿರೋದು ಸರ್ಕಾರ. ಬಾಗಿಲು ಬಡಿಯೋರ ಲೆಕ್ಕ ಇಡೋದೂ ಇಲಾಖೆಗಳ ಕೆಲಸವೇ. ಅದರ ಜೊತೆಗೆ, ಬೀಗದ ಕೈ ಅವರವರ ಕೈಗೇ ಸೇರುವಂತೆ ಮಾಡೋ ಕೆಲಸ ನಮ್ಮೂರಿನ ಸೆಂಟರ್‌ಗಳಲ್ಲಿ ಇವತ್ತೇ ಶುರುವಾಗಬಹುದು.