ಸಂತೈಸುವವರ ಬೆನ್ನ ಹಿಂದೆ

ಕಾಯಿಲೆಯವರನ್ನು ನೋಡಿಬರುವುದು ಮುಂಬಯಿಯ ಕನ್ನಡಿಗರಾದ ನಮಗೆ ಒಂದು ನಿತ್ಯಕರ್ಮವೇ ಆಗಿಬಿಟ್ಟಿದೆ. ಹುಬ್ಬಳ್ಳಿಯಿಂದಲೋ ಕಲಬುರ್ಗಿಯಿಂದಲೋ ಯಾರಾದರೊಬ್ಬರು ದೊಡ್ಡ ಕಾಯಿಲೆಯೆಂದು ಪರೇಲಿನ ಕಡೆಗೆ ಬಂದಿರುತ್ತಾರೆ. ಊರಿನಿಂದ ಫೋನು ಬರುತ್ತದೆ. ನಾವು ನಾಲ್ಕು ಮೋಸಂಬಿ ಕಟ್ಟಿಸಿಕೊಂಡು ಹೊರಡುತ್ತೇವೆ. ಹೋಗಿ ಅಲ್ಲಿ ಏನು ಮಾಡುತ್ತೇವೆ ಎಂಬುದನ್ನು ಮಾತ್ರ ಯೋಚಿಸಿದವರಲ್ಲ.

ಆ ಯೋಚನೆ ಹುಟ್ಟಿದ್ದು ಒಂದು ಪ್ರಶಸ್ತಿಯ ವಿಷಯ ಕಿವಿಗೆ ಬಿದ್ದಾಗ. ಆಸ್ಪತ್ರೆಯ ರೋಗಿಗಳನ್ನು ಸಂತೈಸುವ ಪಾದ್ರಿಗಳಿಗೆಂದೇ ಅಮೆರಿಕದಲ್ಲಿ ಒಂದು ಶಿಕ್ಷಣವಿದೆ. ಹಾಗೆ ಕಲಿಯುವವರ ಮೇಲ್ವಿಚಾರಣೆ ಹೇಗಿರಬೇಕೆಂಬುದನ್ನು ಕುರಿತು ಬರೆದ ಸಂಶೋಧನ ಪ್ರಬಂಧಗಳಿಗೆ ಆ ಪ್ರಶಸ್ತಿ. ಕೇಳಿದೊಡನೆ ನಗು ಬಂತು. ಹಾಡುವವನಿಗೆ ಪ್ರಶಸ್ತಿಯುಂಟು, ಹಾಡು ಕಲಿಸಿದವನಿಗೂ ಉಂಟು, ಕಲಿಸುವುದು ಹೇಗೆಂದು ಕಾಗದದ ಮೇಲೆ ಬರೆದವನಿಗೂ ಉಂಟೆ? ಆದರೆ ವಿಷಯದ ಬೆನ್ನುಹತ್ತಿ ನಾಲ್ಕು ಪುಸ್ತಕ ತಿರುವಿದ ಮೇಲೆ ನಗು ನಿಂತಿತು.

ಈ ಶಿಕ್ಷಣದ ಮೂಲಪುರುಷ ಆಂಟನ್ ಬಾಯ್ಸನ್. 1876ರಲ್ಲಿ ಹುಟ್ಟಿದವನು, ಮೊದಲು ಅರಣ್ಯಶಾಸ್ತ್ರ ಓದಿ, ಆಮೇಲೆ ಪಾದ್ರಿಯಾದವನು. 1920ರಲ್ಲಿ ಅವನಿಗೆ ಬುದ್ಧಿಭ್ರಮಣೆಯಾಗಿ ಮನೋರೋಗದ ಆಸ್ಪತ್ರೆಗೆ ಸೇರಿಸಿದರು. ಒಳಗೆ ಮಲಗಿದ್ದವನಿಗೆ ಒಂದು ಸಂಗತಿ ಹೊಳೆಯಿತು: ವೈದ್ಯರಿಗೆ ತನ್ನ ಧರ್ಮದ ಗೊಡವೆಯಿಲ್ಲ, ನೋಡಲು ಬರುವ ಪಾದ್ರಿಗಳಿಗೆ ತನ್ನ ಕಾಯಿಲೆಯ ಗಂಧವಿಲ್ಲ. ಗುಣವಾಗಿ ಹೊರಬಂದವನು 1924ರಲ್ಲಿ ಮ್ಯಾಸಚೂಸೆಟ್ಸಿನ ವೂಸ್ಟರ್ ಮನೋರೋಗದ ಆಸ್ಪತ್ರೆಯಲ್ಲಿ ತಾನೇ ಪಾದ್ರಿಯಾಗಿ ನಿಂತ. ಮರುವರ್ಷ, 1925ರ ಬೇಸಗೆಯಲ್ಲಿ, ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದ. ಶಾಸ್ತ್ರಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ಅವರು ರೋಗಿಗಳನ್ನೂ ಓದಬೇಕೆಂಬುದು ಅವನ ಹಟ. ಹಗಲೆಲ್ಲ ಅವರು ವಾರ್ಡಿನಲ್ಲಿ ಆಳುಗಳ ಕೆಲಸ ಮಾಡಬೇಕಾಗಿತ್ತು. ಮುಂದೆ ಮನಸ್ಸು ಮೈಗಳ ಸಂಬಂಧವನ್ನು ಕುರಿತು ಬರೆದು ಹೆಸರಾದ ಹೆಲನ್ ಫ್ಲ್ಯಾಂಡರ್ಸ್ ಡನ್‌ಬಾರ್ ಆ ನಾಲ್ವರಲ್ಲಿ ಒಬ್ಬಳು.

ಕಲಿಕೆಗೆ ಇಂದಿನ ರೂಪ ಬಂದದ್ದು ಮಾತ್ರ ಬಾಸ್ಟನ್ನಿನಲ್ಲಿ, ರಸೆಲ್ ಡಿಕ್ಸ್ ಎಂಬ ಪಾದ್ರಿಯಿಂದ. ರಿಚರ್ಡ್ ಕ್ಯಾಬಟ್ ಎಂಬ ಹೆಸರಾಂತ ವೈದ್ಯರ ಜೊತೆಗೆ 1936ರಲ್ಲಿ ಈ ವಿಷಯವಾಗಿ ಪುಸ್ತಕವನ್ನೇ ಬರೆದವನು ಅವನು. ರೋಗಿಯ ಹಾಸಿಗೆಯ ಬಳಿಯಿಂದ ಎದ್ದುಬಂದ ಮೇಲೆ, ಅವರೇನೆಂದರು, ತಾನೇನೆಂದೆ ಎಂಬುದನ್ನು ಮಾತಿಗೆ ಮಾತಾಗಿ ನೆನಪಿನಿಂದ ಬರೆದಿಡುವುದು ಅವನ ಪದ್ಧತಿ. ಇಂದಿಗೂ ವಿದ್ಯಾರ್ಥಿಗಳು ಅದನ್ನೇ ಮಾಡುತ್ತಾರೆ. ಬರೆದದ್ದನ್ನು ಮೇಲ್ವಿಚಾರಕರ ಮುಂದೆ, ಐದಾರು ಸಹಪಾಠಿಗಳ ಮುಂದೆ ಓದಬೇಕು. ಅಲ್ಲಿ ರೋಗಿಯ ಪರೀಕ್ಷೆಯಲ್ಲ, ಸಂತೈಸಿದವನ ಪರೀಕ್ಷೆ. ಅವರು ಸಾವಿನ ಮಾತೆತ್ತಿದಾಗ ನೀನು ಹವೆಯ ಮಾತಿಗೆ ಜಾರಿದೆಯಲ್ಲ, ಯಾಕೆ? ಹೆದರಿದವರು ಯಾರು, ಅವರೋ ನೀನೋ?

ನಡುವೆ ಈ ಜನರಲ್ಲಿ ಒಡಕೂ ಬಂತು. ಬಾಸ್ಟನ್ನಿನವರದು ಒಂದು ದಾರಿ, ನ್ಯೂಯಾರ್ಕಿನವರದು ಇನ್ನೊಂದು. ನಾಲ್ಕು ಗುಂಪುಗಳು ಕೂಡಿ ಒಂದು ಸಂಘವಾದದ್ದು 1967ರಲ್ಲಿ. ಸಂಘ ಸಂಸ್ಥೆಗಳ ಅನುಭವವುಳ್ಳ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಅಲ್ಲಿ ಕ್ರೈಸ್ತರಷ್ಟೇ ಅಲ್ಲದೆ ಯಹೂದ್ಯರು, ಮುಸಲ್ಮಾನರು, ಬೌದ್ಧರು, ಹಿಂದೂಗಳೂ ಕಲಿಯುತ್ತಾರೆ. ಒಂದು ಪಾಳಿಯ ಕಲಿಕೆಗೆ ಕಡಿಮೆಯೆಂದರೆ 400 ಗಂಟೆ. ಅದರಲ್ಲಿ 100 ಗಂಟೆ ಇಂಥ ಓದು, ಚರ್ಚೆ, ಮೇಲ್ವಿಚಾರಣೆಗೇ ಮೀಸಲು.

ಇಷ್ಟು ಓದಿದ ಮೇಲೆ ನಮಗೂ ಒಂದು ಹುಚ್ಚು ಹಿಡಿಯಿತು. ಕಳೆದ ತಿಂಗಳು ಊರಿನ ಕಡೆಯ ಹಿರಿಯರೊಬ್ಬರನ್ನು ನೋಡಿಬಂದ ರಾತ್ರಿ, ನಡೆದ ಮಾತೆಲ್ಲವನ್ನೂ ಬರೆದೆವು. ಮೇಲ್ವಿಚಾರಕರನ್ನು ಎಲ್ಲಿಂದ ತರುವುದು? ಮನೆಯವರ ಕೈಗೆ ಕೊಟ್ಟೆವು. ಅವರು ಪೆನ್ಸಿಲು ಹಿಡಿದು ನಮ್ಮ ಮಾತುಗಳ ಕೆಳಗೆ ಗೆರೆ ಎಳೆಯುತ್ತ ಹೋದರು. ನಾಲ್ಕು ಪುಟದಲ್ಲಿ ಗೆರೆಯಿಲ್ಲದ ಸಾಲುಗಳು ಮೂರೇ. “ರಾತ್ರಿ ನಿದ್ದೆ ಬರುವುದಿಲ್ಲ” ಎಂದು ಅವರು ಅಂದಿದ್ದರು. ನಾವು ಇಲ್ಲಿಯ ಡಾಕ್ಟರುಗಳ ಕೈಗುಣವನ್ನು ಹೊಗಳಿದ್ದೆವು. “ಊಟ ರುಚಿಸುವುದಿಲ್ಲ” ಎಂದಿದ್ದರು; ಇದೇ ಕಾಯಿಲೆಯಿಂದ ಎದ್ದು ಈಗ ಹೋಳಿಗೆ ಹೊಡೆಯುತ್ತಿರುವ ಬಂಧುವೊಬ್ಬರ ಕಥೆ ಹೇಳಿದ್ದೆವು. “ಮಗಳಿಗೆ ಇನ್ನೂ ತಿಳಿಸಿಲ್ಲ” ಎಂದಿದ್ದರು. ಅದಕ್ಕೆ ನಮ್ಮ ಉತ್ತರ, ಲೋಕಲ್ ಗಾಡಿಯ ನೂಕುನುಗ್ಗಲು.

“ಇದನ್ನು ನೀವು ಕೇಳಿಸಿಕೊಂಡಿರೋ ಇಲ್ಲವೋ?” ಎಂದು ಮನೆಯವರು ಕೇಳಿದರು. ಕೇಳಿಸಿಕೊಂಡಿದ್ದೆವು. ಅದಕ್ಕೇ ಓಡಿದ್ದೆವು.

ಆಗ ಆ ಪ್ರಶಸ್ತಿಯ ಅರ್ಥ ಸ್ವಲ್ಪ ತಿಳಿಯಿತು. ಹೀಗೆ ಕೇಳುವುದು ಸುಲಭದ ಕೆಲಸವಲ್ಲ. ಸ್ವಲ್ಪ ಕಟುವಾದರೆ ಕಲಿಯುವವನು ಮುದುಡುತ್ತಾನೆ, ಮುಂದಿನ ಸಲ ಬರೆಯುವಾಗಲೇ ಮಾತು ತಿದ್ದಿ ಬರೆಯುತ್ತಾನೆ. ಬರಿದೆ ಹೊಗಳಿದರೆ ರೋಗಿಯ ಗತಿ ಮೊದಲಿನಂತೆಯೇ. ಅಲ್ಲಿ ಮೇಲ್ವಿಚಾರಕರಾಗಬೇಕೆನ್ನುವವರು ತಾವು ಕಲಿಸಿದ ರೀತಿಯನ್ನೂ ಇನ್ನೊಬ್ಬರ ಮುಂದೆ ಬಿಚ್ಚಿಡಬೇಕು. ತಾವು ನಂಬಿದ ಧರ್ಮವೇನು, ಮನುಷ್ಯಸ್ವಭಾವವನ್ನು ಹೇಗೆ ತಿಳಿದಿದ್ದೇವೆ, ಕಲಿಕೆಯೆಂದರೇನು ಎಂದು ಪ್ರಬಂಧ ಬರೆದು ಒಪ್ಪಿಸುವ ಕ್ರಮ ಬಹುಕಾಲದಿಂದ ಬಂದದ್ದು. ಈ ಕೆಲಸವೆಲ್ಲ ಮುಚ್ಚಿದ ಬಾಗಿಲ ಹಿಂದೆ ನಡೆಯುವಂಥದು. ರೋಗಿಗೆ ಮೇಲ್ವಿಚಾರಕರ ಮುಖವೇ ಕಾಣದು. ಯಾರಾದರೂ ಕುಳಿತು ಬರೆಯದಿದ್ದರೆ ಒಬ್ಬರು ಕಂಡುಕೊಂಡದ್ದು ಇನ್ನೊಬ್ಬರಿಗೆ ದಾಟುವ ಬಗೆಯೇ ಇಲ್ಲ. ಬರೆದವರಿಗೆ ಒಂದು ಪ್ರಶಸ್ತಿ ಕೊಟ್ಟರೆ ದುಂದಾಯಿತೆಂದು ಈಗ ನಾವು ಹೇಳಲಾರೆವು.

ಮುಂದಿನ ಭಾನುವಾರ ಮತ್ತೆ ಆಸ್ಪತ್ರೆಗೆ ಹೋದೆವು. ಮೋಸಂಬಿ ಇಟ್ಟು, ಸ್ಟೂಲು ಎಳೆದುಕೊಂಡು ಕುಳಿತು, “ಮಗಳಿಗೆ ತಿಳಿಸಿಲ್ಲ ಎಂದಿದ್ದಿರಿ” ಎಂದೆವು. ಅವರು ಕಿಟಕಿಯ ಕಡೆ ನೋಡುತ್ತ ಉಳಿದರು. ಎರಡು ಮೂರು ಸಲ ನಾಲಿಗೆ ತುರಿಸಿತು. ಪೆನ್ಸಿಲಿನ ನೆನಪಾಗಿ ಸುಮ್ಮನಾದೆವು. ಎಷ್ಟೋ ಹೊತ್ತಿನ ಮೇಲೆ ಅವರು ದಿಂಬಿನ ಕೆಳಗೆ ಕೈಹಾಕಿ ಫೋನು ತೆಗೆದರು.

“ನೀವು ಇರುವಾಗಲೇ ಮಾಡಿಬಿಡಲೇನು?” ಎಂದರು.