ಮೂರು ಚಮಚ ಸಕ್ಕರೆ

ನನ್ನ ಮೊಮ್ಮಗಳಿಗೆ ಎಂಟು ವರ್ಷವಾಗಿದ್ದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಕೇಳಿದವರೆಲ್ಲ, 'ಅಯ್ಯೋ, ಇಷ್ಟು ಸಣ್ಣ ಮಗುವಿಗೇ? ಸಿಹಿ ಜಾಸ್ತಿ ತಿನ್ನಿಸಿದಿರೇನೋ' ಎಂದರು. ಸಿಹಿ ತಿಂದು ಬರುವ ಕಾಯಿಲೆಯಲ್ಲ ಇದು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಟೈಪ್ 1 ಮಧುಮೇಹ ಎನ್ನುತ್ತಾರೆ. 1922ರ ಜನವರಿಯಲ್ಲಿ ಟೊರೊಂಟೊದ ಆಸ್ಪತ್ರೆಯೊಂದರಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅಲ್ಲಿಯವರೆಗೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಈಗ ಉಳಿಯುತ್ತಾರೆ, ಶಾಲೆಗೂ ಹೋಗುತ್ತಾರೆ. ನನ್ನ ತಕರಾರು ಇರುವುದು ಆ ಶಾಲೆಯ ಬಗ್ಗೆ.

ವಿಷಯ ತಿಳಿಸಲು ಹೋದಾಗ ಮುಖ್ಯೋಪಾಧ್ಯಾಯರು, 'ಮೇಷ್ಟ್ರೇ, ನಿಮಗೆ ಗೊತ್ತಿಲ್ಲದ್ದೇನಿದೆ? ಹೆಚ್ಚುಕಡಿಮೆಯಾದರೆ ನಮ್ಮ ತಲೆಗೆ ಬರುತ್ತೆ. ನಿಮ್ಮ ಜವಾಬ್ದಾರಿಯ ಮೇಲೆ ಕಳಿಸ್ತೀವಿ ಅಂತ ಬರೆದುಕೊಡಿ' ಎಂದರು. ಬರೆದುಕೊಟ್ಟೆವು. ತಿಂಗಳು ಕಳೆಯುವುದರೊಳಗೆ ಒಂದು ದಿನ ಮೂರನೆಯ ಪೀರಿಯಡ್‌ನಲ್ಲಿ ಮಗುವಿಗೆ ಕೈ ನಡುಗಿ ಬೆವರು ಕಿತ್ತುಕೊಂಡಿತು. ಬ್ಯಾಗಿನಿಂದ ಬಿಸ್ಕತ್ತು ತೆಗೆದರೆ, 'ಬೆಲ್ ಆಗಲಿ, ಆಮೇಲೆ ತಿನ್ನು' ಎಂದರಂತೆ ಟೀಚರು. ಪಕ್ಕದ ಹುಡುಗಿ ಹೇಳದೆ ಕೇಳದೆ ಬಿಸಿಯೂಟದ ಕೋಣೆಗೆ ಓಡಿದಳು. ಅಡುಗೆಯಾಕೆ ಒಂದು ಲೋಟ ಸಕ್ಕರೆ ನೀರು ಹಿಡಿದುಕೊಂಡು ಬಂದು ಕುಡಿಸಿದಳು. ಹತ್ತು ಹದಿನೈದು ನಿಮಿಷದಲ್ಲಿ ಮಗು ಸುಧಾರಿಸಿಕೊಂಡಿತು.

ರಕ್ತದಲ್ಲಿ ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದರೆ ಮಾಡಬೇಕಾದದ್ದು ಇಷ್ಟೇ: ಮೂರು ಚಮಚ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಕಲಿಯಲು ಬಿ.ಎಡ್. ಬೇಕೇ?

ಮೇಷ್ಟರುಗಳಿಗೆ ಗಣತಿ, ಚುನಾವಣೆ, ನೂರೆಂಟು ರಿಜಿಸ್ಟರು ಎಂದು ನೀವು ಹೇಳಬಹುದು. ನಿಜ. 32 ವರ್ಷ ನಾನೂ ಅದನ್ನೇ ಹೇಳಿದವನು. ಪದೇ ಪದೇ ನೀರು ಕುಡಿಯುವ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನುವ ಹುಡುಗನೊಬ್ಬನನ್ನು ಪಾಠ ತಪ್ಪಿಸಿಕೊಳ್ಳುವ ಕಳ್ಳನೆಂದು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವನು ದಿನೇದಿನೇ ಸೊರಗುತ್ತಿದ್ದ. ಒಂದು ದಿನ ಬರುವುದನ್ನೇ ಬಿಟ್ಟ. ಹಾಜರಿಯಲ್ಲಿ ಹೆಸರು ಹೊಡೆದುಹಾಕಿದೆ, ಯಾಕೆಂದು ಕೇಳಲಿಲ್ಲ. ಬಾಯಾರಿಕೆ, ಮೂತ್ರ, ಸೊರಗುವಿಕೆ ಈ ಕಾಯಿಲೆಯ ಮೊದಲ ಲಕ್ಷಣಗಳೆಂದು ಮೊಮ್ಮಗಳ ಡಾಕ್ಟರು ಹೇಳಿದಾಗ ಆ ಹುಡುಗನ ಮುಖ ಕಣ್ಣೆದುರು ಬಂತು. ಅವನಿಗೆ ಏನಾಗಿತ್ತೋ ಇಂದಿಗೂ ನನಗೆ ತಿಳಿಯದು.

ಕಾಗದದಲ್ಲೇನೋ ದಯೆಗೆ ಕೊರತೆಯಿಲ್ಲ. ಇಂಥ ಮಕ್ಕಳು ಬೋರ್ಡ್ ಪರೀಕ್ಷೆಗೆ ತಿಂಡಿ ಒಯ್ಯಬಹುದೆಂದು ಸಿ.ಬಿ.ಎಸ್.ಇ. 2017ರಲ್ಲಿ ಅನುಮತಿ ಕೊಟ್ಟಿತು. ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿನ್ನಲು ಬಿಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆಯಿತು. ಆ ಕಾಗದ ನಮ್ಮೂರ ಶಾಲೆಯ ಮೂರನೆಯ ಪೀರಿಯಡ್‌ವರೆಗೆ ಬಂದು ಮುಟ್ಟಿಲ್ಲ.

ಮನೆಯವರಾದ ನಾವೇನು ಸಾಚಾಗಳೇ? 'ಹೆಣ್ಣುಮಗು, ಮುಂದೆ ಮದುವೆಗೆ ಅಡ್ಡಿಯಾದೀತು, ಯಾರಿಗೂ ಹೇಳಬೇಡಿ' ಎಂದವಳು ನನ್ನ ಹೆಂಡತಿಯೇ. ನಾನು ಹೂಂಗುಟ್ಟಿದೆ. ಮಗುವನ್ನು ಆಟಕ್ಕೆ ಬಿಡಲಿಲ್ಲ. ದಿನಕ್ಕೆ ನಾಲ್ಕು ಸಲ ಚುಚ್ಚುವ ಕೆಲಸ ಪೂರ್ತಿ ಸೊಸೆಯದಾಯಿತು. ಅವಳು ನೌಕರಿ ಬಿಟ್ಟಳು, ನನ್ನ ಮಗ ಸೂಜಿ ಕಂಡರೆ ಹೆದರಿಕೆ ಎಂದು ಪೇಪರು ಓದುತ್ತ ಕುಳಿತ. ಕೊನೆಗೆ ಮಗುವೇ ಕೇಳಿತು: 'ತಾತ, ಎಲ್ಲರಿಗೂ ಹೇಳಿಬಿಡು. ಗೊತ್ತಿದ್ದರೆ ತಾನೆ ಸಕ್ಕರೆ ಕೊಡೋದು?'

ಅದಕ್ಕೇ ಹೇಳುತ್ತಿದ್ದೇನೆ. ಇಂಥ ಮಕ್ಕಳಿಗೆ 'ಪಾಪ' ಎನ್ನುವ ಉದ್ಗಾರ ಬೇಡ, ವಿನಾಯಿತಿಯೂ ಬೇಡ. ಶಾಲೆಯಲ್ಲಿ ಒಬ್ಬರಾದರೂ ಕಲಿತಿರಲಿ. ಮೇಜಿನ ಡ್ರಾಯರಿನಲ್ಲಿ ಒಂದು ಡಬ್ಬಿ ಸಕ್ಕರೆ ಇರಲಿ. ಮನೆಯಲ್ಲಿ ಅಪ್ಪನೂ ಸೂಜಿ ಹಿಡಿಯಲಿ. ಅಡುಗೆಯಾಕೆಗೆ ಆ ದಿನ ಹೊಳೆದದ್ದು ನಮಗೆ, ಓದಿದವರಿಗೆ, ಹೊಳೆಯಲಿಲ್ಲವಲ್ಲ ಎಂದು ಮೊದಲು ನಾಚಿಕೊಳ್ಳೋಣ.