ತಾಳ್ಮೆ ಆಟಗಾರರಿಗೆ ಇರಲಿ, ಕುರ್ಚಿಗಳಿಗೆ ಬೇಡ

ಭಾರತದ ಫುಟ್‌ಬಾಲ್ ತಂಡ ಸೋತ ರಾತ್ರಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡೇ ಮಾತು ಓಡಾಡುತ್ತವೆ. ಒಂದು: ‘ಇವರಿಗೆ ಆಡೋಕೇ ಬರಲ್ಲ, ಮೊದಲು ಆ ಕೋಚ್‌ನ ಮನೆಗೆ ಕಳಿಸಿ.’ ಇನ್ನೊಂದು: ‘ನಮ್ಮದು ಕ್ರಿಕೆಟ್ ದೇಶ ಕಣ್ರೀ, ಸ್ವಲ್ಪ ತಾಳ್ಮೆ ಇರಲಿ.’ ಈ ಎರಡೂ ಮಾತಿನ ಮೇಲೆ ನಮ್ಮ ತಕರಾರಿದೆ.

ಮೊದಲು ಬೈಯುವವರ ವಿಷಯ. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ತಂಡ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ಸ್ಯಾಫ್ ಕಪ್ ಗೆದ್ದಿತು. ಆ ತಿಂಗಳು ಫಿಫಾ ಪಟ್ಟಿಯಲ್ಲಿ ನಾವು ಮೊದಲ ನೂರರೊಳಗೆ ಬಂದೆವು. ಆಗ ಕೋಚ್ ಇಗೋರ್ ಸ್ಟಿಮಾಕ್ ಎಲ್ಲರಿಗೂ ಬೇಕಾದವರು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರಕ್ಕೆ ಮೂರೂ ಪಂದ್ಯ ಸೋತೆವು, ಒಂದು ಗೋಲೂ ಬರಲಿಲ್ಲ. ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದೆವು, ಸ್ಟಿಮಾಕ್ ಅವರನ್ನು ತೆಗೆದರು. ಆಮೇಲೆ ಬಂದ ಮನೋಲೊ ಮಾರ್ಕ್ವೆಜ್ ಒಂದೇ ವರ್ಷಕ್ಕೆ ಹೊರಟರು. ನಂತರ ಖಾಲಿದ್ ಜಮೀಲ್ ಬಂದರು. 2025ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ, ನಮ್ಮದೇ ನೆಲದಲ್ಲಿ, ಸಿಂಗಪುರದ ಎದುರು 1-2ರಿಂದ ಸೋತು 2027ರ ಏಷ್ಯನ್ ಕಪ್ಪೂ ಕೈತಪ್ಪಿತು. ಎರಡು ವರ್ಷದಲ್ಲಿ ಮೂವರು ಕೋಚ್‌ಗಳಾದರು. ನೇಗಿಲು ಮುರಿದಿರುವಾಗ ಎತ್ತು ಬದಲಾಯಿಸಿದರೆ ಉಳುಮೆ ಆಗುತ್ತದೆಯೇ?

ಇನ್ನು ತಾಳ್ಮೆಯ ಉಪದೇಶ ಮಾಡುವವರು. ಕ್ರಿಕೆಟ್ ದೇಶ ಅನ್ನುವುದು ಸಬೂಬು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ನಮಗೆ ಚಿನ್ನ ಬಂತು. 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಸಿಕ್ಕಿತು. ಇಷ್ಟು ಕಂಡ ದೇಶದ ಅಭಿಮಾನಿ ದೊಡ್ಡ ನಿರೀಕ್ಷೆ ಇಟ್ಟುಕೊಂಡರೆ ಅದು ದುರಾಸೆ ಅಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2023ರಲ್ಲಿ ಒಂದು ಯೋಜನೆ ಹೊರಡಿಸಿತು. 2047ಕ್ಕೆ ಏಷ್ಯಾದ ಮೊದಲ ನಾಲ್ಕು ತಂಡಗಳಲ್ಲಿ ಭಾರತ ಇರಬೇಕಂತೆ. ಕಾಯಲು ನಾವು ತಯಾರಿದ್ದೇವೆ. ಹಳ್ಳಿಯವರಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ತೆಂಗಿನ ಸಸಿ ನೆಟ್ಟವರು ವರ್ಷಗಟ್ಟಲೆ ಕಾಯುತ್ತಾರೆ. ಆದರೆ ಸಸಿಯನ್ನೇ ನೆಡದೆ ಬದುವಿನ ಮೇಲೆ ಕೂತವನನ್ನು ನಮ್ಮೂರಲ್ಲಿ ತಾಳ್ಮೆವಂತ ಅನ್ನುವುದಿಲ್ಲ, ಸೋಮಾರಿ ಅನ್ನುತ್ತಾರೆ.

ಕುರ್ಚಿಯಲ್ಲಿ ಕೂತವರು ಮಾಡಿದ್ದೇನು? ಹಿಂದಿನ ಆಡಳಿತ ಮಂಡಳಿಯ ಅವಧಿ 2020ರ ಡಿಸೆಂಬರ್‌ನಲ್ಲೇ ಮುಗಿದಿತ್ತು. ಚುನಾವಣೆ ನಡೆಸದೆ ಕೂತೇ ಇದ್ದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಅವರನ್ನು ಇಳಿಸಬೇಕಾಯಿತು. ಆ ಗೊಂದಲದಲ್ಲಿ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನೇ ಅಮಾನತು ಮಾಡಿತು. ಆಗ ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯಾ ಮಟ್ಟದ ಟೂರ್ನಿಗೆಂದು ತಾಷ್ಕೆಂಟ್ ತಲುಪಿಯಾಗಿತ್ತು. ಆ ಹೆಣ್ಣುಮಕ್ಕಳು ಒಂದು ಪಂದ್ಯವನ್ನೂ ಆಡದೆ ವಾಪಸ್ ಬಂದರು. ತಪ್ಪು ಕುರ್ಚಿಯದು, ಶಿಕ್ಷೆ ಆಟಗಾರ್ತಿಯರಿಗೆ.

ಹೊಸಬರು ಬಂದ ಮೇಲೂ ಅದೇ ಹಾಡು. ಐಎಸ್ಎಲ್ ನಡೆಸುತ್ತಿದ್ದ ಕಂಪನಿಯ ಜೊತೆಗಿನ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುತ್ತದೆ ಅನ್ನುವುದು ಸಹಿ ಹಾಕಿದ ದಿನವೇ ಗೊತ್ತಿತ್ತು. ಆದರೂ ಮುಂದಿನ ದಾರಿ ತೀರ್ಮಾನವಾಗಲಿಲ್ಲ. ಜುಲೈನಲ್ಲಿ ಲೀಗ್ ನಿಂತಿತು, ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಕೋರ್ಟಿನಲ್ಲಿ ಕೇಸ್ ಇತ್ತು ಅನ್ನುತ್ತಾರೆ. ಇತ್ತು, ನಿಜ. ಮನೆಯ ಜಗಳವನ್ನು ಕೋರ್ಟಿನ ಮೆಟ್ಟಿಲಿಗೆ ಒಯ್ದು ವರ್ಷಗಟ್ಟಲೆ ಎಳೆದವರು ಆಟಗಾರರಂತೂ ಅಲ್ಲ.

ನಿಜವಾದ ತಾಳ್ಮೆ ಹೇಗಿರುತ್ತದೆ ಅಂತ ನೋಡಬೇಕಾದರೆ ನಮ್ಮ ರಾಜ್ಯದ ತಂಡವನ್ನೇ ನೋಡಿ. 1968-69ರಲ್ಲಿ ಮೈಸೂರು ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ನಾವು ಮತ್ತೆ ಗೆದ್ದದ್ದು 54 ವರ್ಷದ ನಂತರ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದರು. ಟಿವಿಯಲ್ಲಿ ಬಾರದ ಲೀಗ್ ಪಂದ್ಯಗಳಿಗೆ ಹೋಗಿ ಚಪ್ಪಾಳೆ ತಟ್ಟಿದವರು ಆ 54 ವರ್ಷವೂ ಇದ್ದರು. ಆಟ ಉಳಿದದ್ದು ಅವರಿಂದ. 2018ರಲ್ಲಿ ಮುಂಬೈನಲ್ಲಿ ಮೈದಾನ ಖಾಲಿ ಹೊಡೆದಾಗ ಸುನಿಲ್ ಛೆಟ್ರಿ ಕೇಳಿಕೊಂಡದ್ದೂ ಅದನ್ನೇ: ಬೈಯಿರಿ, ಟೀಕಿಸಿ, ಆದರೆ ಬಂದು ನೋಡಿ ಬೈಯಿರಿ. ಮುಂದಿನ ಪಂದ್ಯಕ್ಕೆ ಟಿಕೆಟ್ ಎಲ್ಲ ಖಾಲಿಯಾದವು.

ಹಾಗಾಗಿ ನಮ್ಮ ಲೆಕ್ಕ ಇಷ್ಟೇ. ಪೆನಾಲ್ಟಿ ತಪ್ಪಿಸಿದ ಇಪ್ಪತ್ತರ ಹುಡುಗನ ಇನ್‌ಸ್ಟಾಗ್ರಾಂಗೆ ಹೋಗಿ ತಾಯಿ-ತಂಗಿಯ ಹೆಸರೆತ್ತಿ ಬೈಯುವುದು ಅಭಿಮಾನ ಅಲ್ಲ. ಅವನಿಗೆ ತಾಳ್ಮೆ ಕೊಡಿ, ಇನ್ನೊಂದು ಅವಕಾಶ ಕೊಡಿ. ನಿಮ್ಮ ಸಿಟ್ಟನ್ನು ಉಳಿಸಿಕೊಂಡು ಸರಿಯಾದ ಬಾಗಿಲಿಗೆ ಒಯ್ಯಿರಿ. ತಾಲ್ಲೂಕು ಕ್ರೀಡಾಂಗಣದಲ್ಲಿ ಗೋಲು ಕಂಬ ಯಾಕಿಲ್ಲ? ಶಾಲಾ ಮಕ್ಕಳಿಗೆ ವರ್ಷಕ್ಕೆ ಎಷ್ಟು ಪಂದ್ಯ ಸಿಗುತ್ತವೆ? ಹೆಣ್ಣುಮಕ್ಕಳ ತಂಡಕ್ಕೆ ತರಬೇತುದಾರರು ಎಲ್ಲಿ? ಗ್ರಾಮಸಭೆಯಲ್ಲಿ ಎದ್ದು ಕೇಳಿ, ಕ್ರೀಡಾ ಇಲಾಖೆಗೆ ಅರ್ಜಿ ಹಾಕಿ, ಉತ್ತರ ಬರುವವರೆಗೂ ಬಿಡಬೇಡಿ.

2047ರ ತಂಡದಲ್ಲಿ ಆಡಬೇಕಾದ ಮಗು ಈಗ ಅಂಗನವಾಡಿಯಲ್ಲಿರಬಹುದು, ಅಥವಾ ಇನ್ನೂ ಹುಟ್ಟಿರಲಿಕ್ಕಿಲ್ಲ. ಅದಕ್ಕಾಗಿ ಕಾಯುತ್ತೇವೆ. ಅದರ ಕಾಲಿಗೆ ಚೆಂಡು ಸಿಗುವುದಕ್ಕೆ ಮಾತ್ರ ಕಾಯುವುದಿಲ್ಲ.